ಬಣ್ಣದ ಕೆಳಗಿನ ಪಟ್ಟಿ

ತಮ್ಮನ ಮದುವೆಗೆ ಮೂರು ವಾರ ಇರುವಾಗ ನಾನು ಅವನನ್ನು ಕ್ಷಮಿಸಿಬಿಡುವುದೆಂದು ತೀರ್ಮಾನಿಸಿದೆ. ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಮಾತು ನಿಲ್ಲಿಸಿದವನು ನಾನು. ಹಾಗಾಗಿ ಅದನ್ನು ಮತ್ತೆ ಶುರು ಮಾಡುವ ದೊಡ್ಡತನವೂ ನನ್ನದೇ ಆಗಿರಲಿ ಎಂದುಕೊಂಡೆ. ಆದರೆ ಬಾಯಿಬಿಟ್ಟು ಹೇಳುವ ಜಾಯಮಾನ ನನ್ನದಲ್ಲ. ಕೆಲಸದಲ್ಲಿ ತೋರಿಸಿದರಾಯಿತು ಎಂದು ಒಂದು ಭಾನುವಾರ ಬೆಳಿಗ್ಗೆ ಸಹಕಾರನಗರದ ನಮ್ಮ ಮನೆಯ ತಾರಸಿ ಹತ್ತಿದೆ.

ಅಲ್ಲಿ ನೀರಿನ ಟ್ಯಾಂಕಿನ ಪಕ್ಕ, ಹರಿದ ಟಾರ್ಪಾಲಿನ ಕೆಳಗೆ, ಅವನು ಬಿಟ್ಟುಹೋಗಿದ್ದ ಬಾಡಿ ಕಿಟ್ ಬಿದ್ದಿತ್ತು. ಕಾರಿನ ಮುಂದಿನ ಬಂಪರಿನ ಕೆಳಗೆ ಕೂರುವ ಒಂದು ತುಂಡು, ಎರಡೂ ಪಕ್ಕ ಬಾಗಿಲುಗಳ ಕೆಳಗೆ ಉದ್ದಕ್ಕೆ ಬರುವ ಎರಡು ಸ್ಕರ್ಟು, ಹಿಂದಿನ ಬಂಪರಿಗೆ ಇನ್ನೊಂದು ತುಂಡು, ಡಿಕ್ಕಿಯ ಮೇಲೆ ಒಂದು ಪುಟ್ಟ ರೆಕ್ಕೆ. ಎಲ್ಲವೂ ಫೈಬರಿನದು, ಬಣ್ಣ ಕಾಣದ ಕಪ್ಪು ಸರಕು. ನಮ್ಮ ಕೆಂಪು ಕಾರಿನ ಅಳತೆ ಕೊಟ್ಟು ಅವನೇ ಮಾಡಿಸಿದ್ದು, ಕೆಲಸಕ್ಕೆ ಸೇರಿದ ಮೊದಲ ವರ್ಷದ ಬೋನಸ್ಸಿನಲ್ಲಿ. ಬಣ್ಣ ಹೊಡೆಸಿ ಹಾಕಿಸುವ ಮೊದಲೇ ಜಗಳವಾಯಿತು. ನಾಲ್ಕು ಬೇಸಿಗೆ, ನಾಲ್ಕು ಮಳೆಗಾಲ ಅದು ಅಲ್ಲೇ ಕೂತಿತ್ತು. ಒಂದು ಸ್ಕರ್ಟಿನ ಬಗಲಲ್ಲಿ ಪಾರಿವಾಳ ಗೂಡು ಕಟ್ಟಿ ಬಿಟ್ಟುಹೋಗಿತ್ತು.

ಇದಕ್ಕೆ ಬಣ್ಣ ಹೊಡೆಸಿ, ಕಾರಿಗೆ ಕೂರಿಸಿ, ಹೂವಿನ ಹಾರ ಹಾಕಿ ಯಲಹಂಕದ ಛತ್ರದ ಮುಂದೆ ನಿಲ್ಲಿಸುವುದು. ಮದುಮಗ ಅದರಲ್ಲೇ ಹೆಂಡತಿಯನ್ನು ಕರೆದುಕೊಂಡು ಹೋಗುವುದು. ಇದು ನನ್ನ ಯೋಜನೆ. ನನ್ನ ಹೆಂಡತಿಗೆ ಹೇಳಿದೆ.

"ಮೊದ್ಲು ಒಂದ್ ಫೋನ್ ಮಾಡ್ರೀ," ಎಂದಳು.

"ಫೋನ್ ಯಾಕೆ? ಕಾರ್ ನೋಡಿದ್ರೆ ಅವನಿಗೇ ಅರ್ಥ ಆಗುತ್ತೆ."

"ಏನಂತ ಅರ್ಥ ಆಗ್ಬೇಕು?"

"ನಾನು ಎಲ್ಲಾ ಮರೆತಿದ್ದೀನಿ ಅಂತ."

ಅವಳು ನನ್ನ ಮುಖವನ್ನೊಮ್ಮೆ ನೋಡಿ ಕುಕ್ಕರ್ ಕೂಗಿತೆಂದು ಒಳಗೆ ಹೋದಳು. ಕುಕ್ಕರ್ ಕೂಗಿರಲಿಲ್ಲ.

ನಾನು ಮರೆತದ್ದು ಏನನ್ನು ಎಂದು ಹೇಳಬೇಕು. ಕಾರು ಕೊಂಡದ್ದು ಏಳು ವರ್ಷದ ಹಿಂದೆ, ಸೆಕೆಂಡ್ ಹ್ಯಾಂಡ್. ನಾನು ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ತಪ್ಪು ಹುಡುಕಿ ಪಕ್ಕಕ್ಕಿಡುವುದೇ ನನ್ನ ಕೆಲಸ. ಇಷ್ಟು ವರ್ಷ ಅದಕ್ಕೇ ಸಂಬಳ. ಕಾರು ಮಾರುವವನು, "ಒಂದ್ ಗೀರು ಬಿದ್ದಿಲ್ಲ ಸಾರ್, ಕಂಪನಿ ಬಣ್ಣ," ಎಂದ. ನಾನು ಮೂರು ಸುತ್ತು ಬಂದು, ಬಗ್ಗಿ ಎದ್ದು, ಹೌದು ಎಂದೆ. ಜೊತೆಗೆ ಬಂದಿದ್ದ ತಮ್ಮ ಆಗಿನ್ನೂ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಕಾರುಗಳೆಂದರೆ ಅವನಿಗೆ ಪ್ರಾಣ. ಎಡಗಡೆ ಹಿಂದಿನ ಚಕ್ರದ ಮೇಲಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಅಣ್ಣ, ಇಲ್ಲಿ ಸೌಂಡ್ ಒಂಥರಾ ಮಂದ ಇದೆ," ಎಂದ. ಮಾರುವವನ ಎದುರಿಗೆ ನನ್ನ ಮರ್ಯಾದೆ ತೆಗೆಯುತ್ತಿದ್ದಾನೆ ಅನ್ನಿಸಿತು. "ನಿನ್ನ ತಬಲಾ ಬಾರ್ಸೋಕೆ ಕರ್ಕೊಂಡ್ ಬಂದಿಲ್ಲ," ಎಂದೆ. ಮಾರುವವನು ನಕ್ಕ. ತಮ್ಮ ಕೈಯನ್ನು ಜೇಬಿಗೆ ಹಾಕಿಕೊಂಡ. ಕಾರು ನಮ್ಮದಾಯಿತು.

ಮೂರು ವರ್ಷ ಅದನ್ನು ನಾನೇ ಓಡಿಸಿದೆ. ಎಲ್ಲೂ ತಾಗಿಸಲಿಲ್ಲ, ಯಾರಿಗೂ ಕೊಡಲಿಲ್ಲ. ಆಮೇಲೊಂದು ಶನಿವಾರ ತಮ್ಮ ತುಮಕೂರಿನ ಸ್ನೇಹಿತನನ್ನು ನೋಡಿಬರುತ್ತೇನೆಂದು ಕೇಳಿ ಒಯ್ದ. ಸಂಜೆ ಬಂದು ನಿಲ್ಲಿಸಿದಾಗ ಎಡಗಡೆ ಹಿಂದಿನ ಚಕ್ರದ ಮೇಲೆ ಅಂಗೈ ಅಗಲ ಬಣ್ಣ ಎದ್ದುಹೋಗಿತ್ತು. ಅದರ ಕೆಳಗೆ ಬೂದು ಬಣ್ಣ, ನಡುವೆ ತುಕ್ಕು.

"ಎಲ್ಲಿ ಗುದ್ದಿದೆ?"

"ಗುದ್ದಿಲ್ಲ ಅಣ್ಣ. ಗೊರಗುಂಟೆಪಾಳ್ಯದ ಹತ್ರ ಒಂದ್ ಹಳ್ಳಕ್ಕೆ ಇಳೀತು, ಅಷ್ಟೇ. ಮುಂದೆ ನಿಲ್ಲಿಸಿ ನೋಡಿದ್ರೆ ಇದು ಉದುರೋಗಿತ್ತು."

"ಉದುರೋಕೆ ಅದೇನ್ ಗೋಡೆ ಸುಣ್ಣನಾ? ಕಬ್ಬಿಣ ಕಣೋ ಅದು!"

ಅಂದು ಮನೆಗೆ ಸೋದರಮಾವ, ಅತ್ತೆ ಬಂದಿದ್ದರು. ನನ್ನ ಗಂಟಲು ಸಣ್ಣದಲ್ಲ. ಎದುರುಮನೆಯವರೂ ಗೇಟಿನ ಬಳಿ ಬಂದು ನಿಂತರು. ನಾನು ಕೂಗಿದಷ್ಟೂ ತಮ್ಮ ಅದನ್ನೇ ಹೇಳಿದ: ಹಳ್ಳಕ್ಕೆ ಇಳಿಯಿತು, ಉದುರಿತು. ಕಥೆ ಕಟ್ಟುವುದಾದರೂ ನಂಬುವಂಥದನ್ನು ಕಟ್ಟಬಾರದೇ ಎಂದು ನನಗೆ ಇನ್ನಷ್ಟು ಉರಿಯಿತು.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿದೆ. ಹಚ್ಚಿದ ದೀಪ ಮುಟ್ಟಿ ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಯಾರೂ ಕೆದಕುವ ಹಾಗಿಲ್ಲ. ಅಪ್ಪ ಇದ್ದಾಗ ಕಳೆದುಹೋದ ಉಂಗುರದಿಂದ ಹಿಡಿದು ಹರಿದ ಪುಸ್ತಕದವರೆಗೆ ಎಲ್ಲ ತಂಟೆಯೂ ಆ ಹಿತ್ತಾಳೆ ದೀಪದ ಮುಂದೆ ತೀರಿದೆ. "ದೀಪ ಮುಟ್ಟಿ ಹೇಳು," ಎಂದೆ. ಅಮ್ಮ ಒಳಗಿನಿಂದ ದೀಪ ತಂದಳು. ತಮ್ಮ ಚಪ್ಪಲಿ ಬಿಟ್ಟು, ದೀಪದ ಕಂಬ ಮುಟ್ಟಿ, "ಕಾರ್‌ನ ನಾನು ಎಲ್ಲೂ ಗುದ್ದಿಲ್ಲ," ಎಂದ.

ಪದ್ಧತಿಯ ಪ್ರಕಾರ ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ದೀಪ ಮುಟ್ಟಿ ಸುಳ್ಳು ಹೇಳೋನು ಈ ಮನೇಲಿ ಬೇಡ," ಎಂದೆ. ಅವನು ಸೋಮವಾರ ಬ್ಯಾಗ್ ತೆಗೆದುಕೊಂಡು ತಣಿಸಂದ್ರಕ್ಕೆ ಹೋದ. ಅಲ್ಲೊಂದು ಸಣ್ಣ ಫ್ಲಾಟ್ ಬಾಡಿಗೆಗೆ ಹಿಡಿದ. ಅಮ್ಮ ಪ್ರತಿ ಭಾನುವಾರ ಡಬ್ಬಿಯಲ್ಲಿ ಏನಾದರೂ ಕಟ್ಟಿಕೊಂಡು ಬಸ್ಸು ಹತ್ತಿ ಅವನ ಮನೆಗೆ ಹೋಗಿಬರುತ್ತಾಳೆ.

ನಾನು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ನೆಂಟರ ಮನೆಯಲ್ಲಿ, ಕಾರ್ಯಗಳಲ್ಲಿ, "ನಿನ್ ತಮ್ಮ ಎಲ್ಲಪ್ಪಾ?" ಎಂದು ಯಾರೇ ಕೇಳಲಿ, ದೀಪ ಮುಟ್ಟಿ ಸುಳ್ಳು ಹೇಳಿದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಎರಡು ವರ್ಷದ ಹಿಂದೆ ಹೆಬ್ಬಾಳದ ಕಡೆಯ ಒಬ್ಬರು ಮಗಳಿಗೆ ಅವನನ್ನು ನೋಡಿದ್ದರು. ಮಾತುಕತೆಯೆಲ್ಲ ಮುಗಿಯುತ್ತ ಬಂದಾಗ ಹುಡುಗಿಯ ತಂದೆ ನನಗೆ ಫೋನ್ ಮಾಡಿ, ಹಿರಿಯಣ್ಣನಾಗಿ ಒಂದು ಮಾತು ಹೇಳಿ ಎಂದರು. "ಹುಡುಗ ಒಳ್ಳೆಯವ್ನೇ. ಆದ್ರೆ ಅವನ ಮಾತನ್ನ ಒಂದ್ಸಲ ಪರೀಕ್ಷೆ ಮಾಡಿ ನಂಬಿ," ಎಂದೆ. ಆ ಸಂಬಂಧ ಮುಂದುವರಿಯಲಿಲ್ಲ. ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನಾನು ಸತ್ಯ ಹೇಳಿದೆ ಎಂದುಕೊಂಡು ನಿದ್ದೆ ಮಾಡಿದೆ.

ಈಗ ಅವನಿಗೆ ಬೇರೆ ಹುಡುಗಿ ಗೊತ್ತಾಗಿತ್ತು. ಜೊತೆಯಲ್ಲಿ ಕೆಲಸ ಮಾಡುವವಳಂತೆ, ಅವನೇ ನೋಡಿಕೊಂಡದ್ದು. ಅಪ್ಪ ಇಲ್ಲದ ಮನೆ. ಅಪ್ಪನ ಜಾಗದಲ್ಲಿ ಶಾಸ್ತ್ರಕ್ಕೆ ಕೂರಬೇಕಾದವರು ನಾನು ಮತ್ತು ನನ್ನ ಹೆಂಡತಿ. ಅಮ್ಮ ಹಟ ಹಿಡಿದು ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಸಿದಳು. ಪತ್ರಿಕೆಯನ್ನು ತಂದುಕೊಟ್ಟವಳೂ ಅವಳೇ, ತಮ್ಮನಲ್ಲ. ಅದನ್ನು ನೋಡಿಯೇ ನನಗೆ ದೊಡ್ಡತನದ ಉಮೇದು ಬಂದದ್ದು.

ಆರ್.ಟಿ. ನಗರದ ಹಿಂದಿನ ಒಂದು ಓಣಿಯಲ್ಲಿ ತಗಡಿನ ಶೆಡ್ಡುಗಳ ಸಾಲಿದೆ. ಅಲ್ಲಿನ ಒಬ್ಬ ಹಿರಿಯ ಪೇಂಟರ್ ಭಾಯ್ ಕೈ ಚೆನ್ನಾಗಿದೆ ಎಂದು ಕಾರ್ಖಾನೆಯ ಸಹೋದ್ಯೋಗಿ ಹೇಳಿದ್ದ. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡದ ತುದಿಯಲ್ಲಿ ಯಾವಾಗಲೂ ಯಾವುದೋ ಒಂದು ಬಣ್ಣ. ಕಿಟ್ಟನ್ನು ಕಾರಿನ ಮೇಲಿಂದ ಇಳಿಸಿದ ಕೂಡಲೇ ನಾನು, "ಹತ್ತು ದಿನದಲ್ಲಿ ಬಣ್ಣ ಹೊಡೆದು ಕೊಡ್ಬೇಕು," ಎಂದೆ.

"ಬಣ್ಣ ಕೊನೇಗೆ ಸಾರ್," ಎಂದರು ಭಾಯ್. "ಮೊದ್ಲು ಕೂರ್ಸಿ ನೋಡ್ಬೇಕು. ಬಣ್ಣ ಹೊಡೆದ್ಮೇಲೆ ಕೊಯ್ಯೋಕೆ ಹೋದ್ರೆ ಎರಡೂ ಹಾಳು."

ಬಿಸಿಲಿಗೆ ಸ್ಕರ್ಟುಗಳು ಸೊಟ್ಟಗಾಗಿದ್ದವು. ಅವನ್ನು ಬಿಸಿಗಾಳಿಯಲ್ಲಿ ಕಾಯಿಸಿ, ಮರದ ತುಂಡುಗಳ ನಡುವೆ ಒತ್ತಿ ಕಟ್ಟಿ, ಎರಡು ದಿನ ಬಿಟ್ಟು ನೆಟ್ಟಗೆ ಮಾಡಿದರು. ಫೈಬರಿನ ಸೂಜಿತೂತುಗಳಿಗೆ ಪಟ್ಟಿ ತುಂಬಿದರು. ಪಟ್ಟಿ ಎಂದರೆ ತಗ್ಗು ಮುಚ್ಚಲು ಮೆತ್ತುವ ಬೂದು ಬಣ್ಣದ ಮುದ್ದೆ. ಒಣಗಿದ ಮೇಲೆ ಉಜ್ಜಿದರೆ ನುಣುಪಾಗುತ್ತದೆ. ನೀರು ಹಾಕಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿ, ಪ್ರೈಮರ್ ಹೊಡೆದರು. ಕೆಲಸ ಮುಗಿಸಿ ನಾನು ದಿನಾ ಹೋಗಿ ನಿಲ್ಲುತ್ತಿದ್ದೆ. ಸುಮ್ಮನೆ ನಿಲ್ಲುವವನಲ್ಲ, ಇಲ್ಲಿ ಉಬ್ಬಿದೆ, ಅಲ್ಲಿ ಗೀರಿದೆ ಎಂದು ಬೆರಳು ತೋರಿಸುತ್ತಿದ್ದೆ. ಭಾಯ್ ತಲೆಯಾಡಿಸಿ ತಮ್ಮ ಕೆಲಸ ತಾವು ಮಾಡುತ್ತಿದ್ದರು.

ಬಣ್ಣ ಬೆರೆಸುವಾಗ ಅವರದೊಂದು ರೂಢಿ. ಕಾರಿನ ಪೆಟ್ರೋಲ್ ಮುಚ್ಚಳವನ್ನು ಬಿಚ್ಚಿಕೊಂಡು ಬಣ್ಣದ ಅಂಗಡಿಗೆ ಹೋಗುತ್ತಾರೆ. ಕಂಪನಿಯ ನಂಬರ್ ನೋಡಿ ಬೆರೆಸಿದರೆ ಹೊಸ ಕಾರಿನ ಕೆಂಪು ಬರುತ್ತದೆ. ನಮ್ಮದು ಬಿಸಿಲು ತಿಂದ ಕೆಂಪು. ಮುಚ್ಚಳ ಪಕ್ಕದಲ್ಲಿಟ್ಟುಕೊಂಡು, ತೊಟ್ಟು ತೊಟ್ಟು ಹಾಕುತ್ತ, ಹೊಸ ಬಣ್ಣಕ್ಕೆ ಕಾರಿನಷ್ಟೇ ವಯಸ್ಸು ಮಾಡಿಸಬೇಕು. ಇದು ನನಗೆ ಹಿಡಿಸಿತು. ನಮ್ಮ ಕಾರ್ಖಾನೆಯಲ್ಲಿ ಮಾದರಿ ತುಂಡು ಪಕ್ಕದಲ್ಲಿಟ್ಟು ಹೋಲಿಸುವ ಪದ್ಧತಿಯೇ ಇದು.

ಎರಡು ದಿನ ಬಿಟ್ಟು ಮಧ್ಯಾಹ್ನ ಭಾಯ್ ಫೋನ್ ಬಂತು. "ಸಾರ್, ಸ್ವಲ್ಪ ಬಂದ್ ಹೋಗಿ. ನಿಮ್ ಗಾಡೀಲಿ ಎರಡು ಕೆಂಪು ಇದೆ."

ಹೋದೆ. ಹಿಂದಿನ ತುಂಡಿಗೆ ಬಣ್ಣ ಹೊಡೆದು ಕಾರಿಗೆ ಒರಗಿಸಿಟ್ಟಿದ್ದರು. ಎಡಗಡೆ ನಿಂತು ನೋಡಿದರೆ ಬಣ್ಣ ಸರಿಯಾಗಿ ಕೂಡುತ್ತಿತ್ತು. ಬಲಗಡೆಯಿಂದ ನೋಡಿದರೆ ಒಂದು ಮೆಣಸಿನಕಾಯಿ, ಇನ್ನೊಂದು ಇಟ್ಟಿಗೆ.

"ಮುಚ್ಚಳ ಎಡಗಡೆ ಪ್ಯಾನಲ್‌ದು. ಆ ಕಡೆ ಕೆಲಸ ಆಗಿದೆ ಅಲ್ವಾ ಸಾರ್?"

"ಹೌದು. ನಾಲ್ಕು ವರ್ಷದ ಹಿಂದೆ ನನ್ ತಮ್ಮ ಗುದ್ದಿದ್ದ," ಎಂದೆ. ಈ ಮಾತು ನನ್ನ ಬಾಯಲ್ಲಿ ಎಷ್ಟು ಸವೆದಿತ್ತೆಂದರೆ, ಯೋಚನೆ ಮಾಡದೆ ಹೊರಗೆ ಬರುತ್ತಿತ್ತು.

"ಒಂದ್ ಸಲ ಅಲ್ಲ, ಎರಡ್ ಸಲ ಆಗಿದೆ," ಎಂದು ಭಾಯ್ ಕುಕ್ಕರಗಾಲಲ್ಲಿ ಕೂತರು. "ಸ್ಕರ್ಟಿನ ಹಿಂದಿನ ತುದಿಗೆ ಸ್ಕ್ರೂ ಹಾಕೋಕೆ ತೂತು ಕೊರೆದೆ. ಕಬ್ಬಿಣದ ಚೂರು ಬರ್ಬೇಕಲ್ವಾ? ಬೂದಿ ಬಂತು."

ಹಳೆ ಸ್ಪೀಕರಿನ ಆಯಸ್ಕಾಂತವೊಂದನ್ನು ಬಲಗಡೆ ಇಟ್ಟರು, ಟಕ್ಕೆಂದು ಹಿಡಿಯಿತು. ಎಡಗಡೆ ಹಿಂದಿನ ಚಕ್ರದ ಮೇಲೆ ಇಟ್ಟರು, ಜಾರಿ ನೆಲಕ್ಕೆ ಬಿತ್ತು. ಹಿಂದೆ ಬಣ್ಣ ಎದ್ದಿದ್ದ ಜಾಗದ ಅಂಚಿನಲ್ಲಿ ಅವರು ಉಜ್ಜಿ ನೋಡಿದ್ದರು. ಈರುಳ್ಳಿ ಕೊಯ್ದ ಹಾಗೆ ಸುತ್ತು ಸುತ್ತಾಗಿ ಪದರಗಳು ಕಾಣುತ್ತಿದ್ದವು. ಭಾಯ್ ಉಗುರಿನಲ್ಲಿ ತೋರಿಸುತ್ತ ಹೋದರು. ಮೇಲೆ ಕೆಂಪು. ಅದರ ಕೆಳಗೆ ತೆಳ್ಳಗೆ ಪಟ್ಟಿ. ಇದು ನಾಲ್ಕು ವರ್ಷದ ಹಿಂದಿನ ಕೆಲಸ. ಅದರ ಕೆಳಗೆ ಮತ್ತೆ ಕೆಂಪು. ಆ ಕೆಂಪಿನ ಕೆಳಗೆ ಇನ್ನೊಂದು ಪಟ್ಟಿ, ಬೆರಳು ದಪ್ಪ.

"ನೀವು ಗಾಡಿ ತಗೊಂಡ್ಮೇಲೆ, ತಮ್ಮಂದಕ್ಕೆ ಮುಂಚೆ, ಎಲ್ಲಾದ್ರೂ ತಾಗಿತ್ತಾ?"

"ಇಲ್ಲ. ನಾನೇ ಓಡಿಸ್ತಿದ್ದೆ."

"ಹಂಗಾದ್ರೆ ಈ ದಪ್ಪ ಪಟ್ಟಿ ನಿಮಗೆ ಮಾರಿದೋರದು."

ಉಳಿಯನ್ನು ಒಂದು ಕಡೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅಂಗೈ ಅಗಲದ ತುಂಡು, ಬಣ್ಣದ ಸಮೇತ, ಹಾಗೇ ಎದ್ದು ಅವರ ಕೈಗೆ ಬಂತು. ಹಿಂದೆ ತುಕ್ಕು, ಒದ್ದೆ.

"ನೋಡಿ ಸಾರ್, ಇಷ್ಟು ದಪ್ಪ ಮೆತ್ತಿದ್ರೆ ಇದು ನೀರು ಕುಡಿಯುತ್ತೆ. ಒಳಗೊಳಗೇ ತುಕ್ಕು ಹಿಡಿಯುತ್ತೆ, ಮೇಲೆ ಕಾಣಲ್ಲ. ಯಾವ್ದಾದ್ರೂ ಹಳ್ಳಕ್ಕೆ ಗಾಡಿ ದಬ್ ಅಂತ ಇಳಿದ್ರೆ ಸಾಕು, ಹೆಂಚಿಂದ ರೊಟ್ಟಿ ಬಿಟ್ಟಂಗೆ ಬಿಟ್ಕೊಳ್ಳುತ್ತೆ. ಯಾರೂ ಗುದ್ದೋದೇ ಬೇಡ."

ಮೊದಲು ನನಗೆ ಬಂದದ್ದು ಸಿಟ್ಟು. ಅದೂ ಭಾಯ್ ಮೇಲೆ. "ಗುದ್ದಿದ್ರೂ ಉದುರುತ್ತಲ್ಲ? ನೀವ್ ಹೆಂಗ್ ಹೇಳ್ತೀರಿ?" ಎಂದು ದನಿ ಏರಿಸಿದೆ.

ಅವರು ಏರಿಸಲಿಲ್ಲ. "ಗುದ್ದಿದ್ರೆ ತಗಡು ಒಳಗೆ ಹೋಗಿರ್ಬೇಕು. ನಾಲ್ಕು ವರ್ಷದ ಹಿಂದೆ ರಿಪೇರಿ ಮಾಡಿದೋನು ತಗಡು ಮುಟ್ಟೇ ಇಲ್ಲ, ಮೇಲೆ ಸವರಿದ್ದಾನೆ ಅಷ್ಟೇ. ಕೈ ಹಾಕಿ ನೋಡಿ."

ಕೈ ಹಾಕಿದೆ. ತುಕ್ಕು ಬೆರಳಿಗೆ ಹತ್ತಿತು. ತಗಡಿನ ಮೇಲೆಲ್ಲ ಯಾವ ಕಾಲದ್ದೋ ಸುತ್ತಿಗೆಯ ಒರಟು ಗುರುತುಗಳು. ಹೊಸ ತಗ್ಗು ಒಂದೂ ಇರಲಿಲ್ಲ. ಇಷ್ಟು ವರ್ಷ ತಪ್ಪು ಹುಡುಕಿದ ಬೆರಳುಗಳು ಇವು. ಅವಕ್ಕೆ ಗೊತ್ತಾಯಿತು.

ಹಳ್ಳಕ್ಕೆ ಇಳಿಯಿತು, ಉದುರಿತು. ತಮ್ಮ ಅಂದು ಹೇಳಿದ್ದು ಇದನ್ನೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇನ್ನೊಂದೂ ನೆನಪಾಯಿತು. ನ್ಯೂ ಬಿಇಎಲ್ ರಸ್ತೆಯ ಕಡೆ ಅದನ್ನು ರಿಪೇರಿ ಮಾಡಿದವನು ಅಂದು, "ಸಾರ್, ಇದು ಮೊದ್ಲೇ..." ಎಂದು ಏನೋ ಶುರು ಮಾಡಿದ್ದ. "ನಂಗೆ ಕಥೆ ಬೇಡ, ಮುಚ್ಚು," ಎಂದು ನಾನೇ ಅವನ ಬಾಯಿ ಕಟ್ಟಿದ್ದೆ. ನಾನು ಮೋಸಹೋದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ತಮ್ಮ ಸುಳ್ಳುಗಾರ ಎನ್ನುವುದು ನನಗೆ ಸುಲಭವಾಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಕತ್ತರಿಸಿ ಹೊಸ ತಗಡು ಹಾಕ್ಲಾ ಸಾರ್, ಇಲ್ಲ ಹಂಗೇ ಮುಚ್ಬಿಡ್ಲಾ?" ಭಾಯ್ ಕೇಳಿದರು. "ಸ್ಕರ್ಟು ಬಂಪರು ಕೂತ್ರೆ ಯಾರಿಗೂ ಗೊತ್ತಾಗಲ್ಲ. ನಿಮಗೆ ಅರ್ಜೆಂಟ್ ಬೇರೆ ಇದೆ."

"ಮುಚ್ಚಿ," ಎಂದೆ.

ಆಟೋ ಹಿಡಿದು ಹೊರಟೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಂದಿನಂತೆ ಗಾಡಿಗಳು ನಿಂತಿದ್ದವು. ಕೈಗೆ ಹತ್ತಿದ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡೆ, ಹೋಗಲಿಲ್ಲ. ಮುಚ್ಚು ಎಂದು ನಾನು ಎರಡನೆಯ ಸಲ ಹೇಳಿದ್ದೆ. ಮದುವೆಗೆ ಹನ್ನೊಂದು ದಿನವಿತ್ತು. ಯಾರಿಗೂ ಹೇಳದಿದ್ದರೆ ಛತ್ರದಲ್ಲಿ ನಾನು ಕ್ಷಮಿಸಿದ ಅಣ್ಣನಾಗಿಯೇ ನಿಲ್ಲಬಹುದು, ಎಲ್ಲರೂ ಹೊಗಳುತ್ತಾರೆ. ಆ ಚಿತ್ರ ಕಣ್ಣಮುಂದೆ ಬಂದಾಗ ಬೆರಳನ್ನು ಮತ್ತೆ ಪ್ಯಾಂಟಿಗೆ ಉಜ್ಜಿದೆ.

ಮನೆಗೆ ಬಂದು ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವನು ಸುಳ್ಳು ಹೇಳಿಲ್ಲ ಅಂತ ನಂಗೊತ್ತಿತ್ತು ಕಣೋ," ಎಂದಳು.

"ಮತ್ತೆ ಆವತ್ತೇ ಹೇಳ್ಬೇಕಾಗಿತ್ತು!"

"ನಿನ್ ಬಾಯಿಗೆ ಹೆದರ್ಕೊಂಡೆ. ದೀಪ ತಂದ್ಕೊಟ್ಟೋಳು ನಾನೇ ಅಲ್ವಾ. ಆವತ್ತಿಂದ ಆ ದೀಪ ಹಚ್ಚಿಲ್ಲ, ಪಾತ್ರೆ ಡಬ್ಬಕ್ಕೆ ಹಾಕಿದ್ದೀನಿ. ನೀನ್ ನೋಡಿದ್ಯಾ?"

ಎದ್ದು ದೇವರ ಗೂಡಿನ ಮುಂದೆ ನಿಂತೆ. ಅಲ್ಲಿ ಉರಿಯುತ್ತಿದ್ದುದು ಒಂದು ಮಣ್ಣಿನ ಹಣತೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದು ಕೆಲಸಕ್ಕೆ ಹೋಗಿದ್ದೇನೆ. ಹಿತ್ತಾಳೆ ದೀಪ ಇಲ್ಲವೆನ್ನುವುದು ಇನ್‌ಸ್ಪೆಕ್ಷನ್ನಿನವನಾದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದಳು. "ನೀವು ಪ್ರಮಾಣ ಮಾಡ್ಸಿ, ಆಮೇಲೂ ನೋಡ್ಲಿಲ್ಲ." ಎಂದಿನಂತಾದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಅಂದು ಭಾಯ್‌ಗೆ ಫೋನ್ ಮಾಡಿ, ಮುಚ್ಚಬೇಡಿ, ಕತ್ತರಿಸಿ ಹೊಸ ತಗಡು ಹಾಕಿ, ಆ ಎದ್ದ ತುಂಡನ್ನು ಬಿಸಾಡಬೇಡಿ ಎಂದೆ.

ಮಾರನೆಯ ದಿನ ರಜೆ ಹಾಕಿ, ಪಟ್ಟಿಯ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ತಣಿಸಂದ್ರಕ್ಕೆ ಹೋದೆ. ತಮ್ಮನ ಮನೆ ನೋಡಿದ್ದು ಅದೇ ಮೊದಲು. ಎರಡನೆಯ ಮಹಡಿ, ಒಂದು ರೂಮು, ಒಂದು ಹಾಲು, ಬಾಗಿಲ ಬಳಿ ಹೊಸ ಗ್ಯಾಸ್ ಸ್ಟವ್ ಡಬ್ಬದಲ್ಲೇ ಇತ್ತು. ಬಾಗಿಲು ತೆರೆದವನು ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಪಕ್ಕಕ್ಕೆ ಸರಿದು ನಿಂತ. ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು ಬಂದಿದ್ದವು.

ನಾನು ಪೇಪರ್ ಬಿಚ್ಚಿ ಮೇಜಿನ ಮೇಲೆ ತುಂಡನ್ನಿಟ್ಟೆ. ಬರುವಾಗ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಪದರಗಳನ್ನು ತೋರಿಸಿದೆ. ಇದು ನನ್ನದು, ಇದು ಮಾರಿದವನದು, ಇಲ್ಲಿ ನೋಡು ತುಕ್ಕು, ನೀನು ಹೇಳಿದ್ದು ಸರಿ, ನೀನು ಗುದ್ದಿರಲಿಲ್ಲ ಎಂದು, ಕಾರ್ಖಾನೆಯಲ್ಲಿ ವರದಿ ಕೊಡುವವನಂತೆ ಒದರಿದೆ.

ಅವನು ತುಂಡನ್ನು ಮುಟ್ಟಲಿಲ್ಲ.

"ಇದನ್ನ ನಂಗ್ಯಾಕೆ ತೋರಿಸ್ತಿದ್ದೀಯ? ನಾನು ಗುದ್ದಿಲ್ಲ ಅಂತ ನಂಗೊತ್ತಿಲ್ವಾ?"

ನಾನು ತುಂಡನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದೆ.

"ನಂಬೋಕೆ ನಿಂಗೆ ಇದು ಬೇಕಾಯ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಇಪ್ಪತ್ನಾಲ್ಕು ವರ್ಷ ನಿನ್ ಜೊತೆ ಬೆಳ್ದಿದ್ದೀನಿ. ನನ್ ಮಾತು ಸಾಕಾಗ್ಲಿಲ್ಲ, ದೀಪ ಸಾಕಾಗ್ಲಿಲ್ಲ. ಯಾವ್ದೋ ಗ್ಯಾರೇಜಿನ ಚಕ್ಕೆ ಸಾಕಾಯ್ತು. ಇದು ಸಿಗದೇ ಇದ್ದಿದ್ರೆ?"

"ತಪ್ಪಾಯ್ತು ಕಣೋ," ಎಂದೆ. ಜೀವಮಾನದಲ್ಲಿ ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ನಂಗ್ ಹೇಳ್ಬೇಡ. ಯಾರ್ ಯಾರಿಗೆ ಹೇಳ್ಕೊಂಡ್ ಬಂದಿದ್ದೆ, ಅವರಿಗೆ ಹೇಳು." ಕಾಫಿ ಮಾಡಲು ಹೊರಟವನು ತಿರುಗಿ, "ಹೆಬ್ಬಾಳದವ್ರಿಗೂ," ಎಂದ.

ಕಾಫಿ ಕೊಟ್ಟ. ಕುಡಿದೆ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಅವನು ನನ್ನನ್ನು ಅಣ್ಣ ಎನ್ನಲಿಲ್ಲ. ಮೆಟ್ಟಿಲಿಳಿಯುವಾಗ ಅದು ಗೊತ್ತಾಯಿತು.

ಅಂದು ಸಂಜೆಯಿಂದಲೇ ಫೋನ್ ಹಿಡಿದು ಕೂತೆ. ಸೋದರಮಾವ, "ಯಾವ್ ಕಾರು? ಅಯ್ಯೋ, ಅದನ್ನೆಲ್ಲ ಯಾರ್ ನೆನಪಿಟ್ಕೊಂಡಿರ್ತಾರೆ ಬಿಡೋ," ಎಂದು ನಕ್ಕ. ನಕ್ಕವನು ಮರುಕ್ಷಣವೇ, "ಹಂಗಾದ್ರೆ ದೀಪ ಮುಟ್ಟಿ ಹೇಳಿದ್ದು ನಿಜಾನಾ?" ಎಂದು ಕೇಳಿದ, ಮರೆತಿರಲಿಲ್ಲ. ಅತ್ತೆ, ಅಪ್ಪನ ಕಡೆಯ ದೊಡ್ಡಮ್ಮ, ಎದುರುಮನೆಯವರು, ಕಾರ್ಖಾನೆಯಲ್ಲಿ ಊಟದ ಮೇಜಿನವರು. ಹೇಳಿದ್ದು ಇಷ್ಟು ಜನರಿಗಾ ಎಂದು ನನಗೇ ದಿಗಿಲಾಯಿತು. ಕೆಲವರು ಪಾಪ ಎಂದರು, ಕೆಲವರಿಗೆ ಮದುವೆ ಮುಂಚೆ ಯಾಕೀ ರಾಮಾಯಣ ಅನ್ನಿಸಿತು. ಆಡಿದ ಮಾತನ್ನು ಮನೆಮನೆಗೆ ಹೋಗಿ ವಾಪಸು ಕೇಳುವುದು ಎಂಥ ಕೆಲಸವೆಂದು ಆ ನಾಲ್ಕು ದಿನದಲ್ಲಿ ತಿಳಿಯಿತು.

ಹೆಬ್ಬಾಳದವರ ನಂಬರ್ ಒತ್ತಲು ಮಾತ್ರ ಧೈರ್ಯ ಬರಲಿಲ್ಲ. ಐದನೆಯ ದಿನ ಒತ್ತಿದೆ. ಹುಡುಗಿಯ ತಂದೆ ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ಹಿಂದಿನಿಂದ ಮಗುವೊಂದು ಅಳುವ ಸದ್ದು ಬರುತ್ತಿತ್ತು. "ನನ್ ಮಗಳಿಗೆ ಆ ಹುಡುಗ ತುಂಬಾ ಇಷ್ಟ ಆಗಿದ್ದ," ಎಂದರು. "ಎರಡು ತಿಂಗಳು ನಮ್ ಜೊತೆ ಮಾತು ಬಿಟ್ಟಿದ್ಲು. ಈಗ ಅವಳ ಮಗು ಅಳ್ತಾ ಇರೋದು. ನೀವು ಇದನ್ನ ಈಗ ಯಾಕ್ ಹೇಳ್ತಿದ್ದೀರಿ?" ನಾನು, ಹೇಳಬೇಕಾಗಿತ್ತು ಸಾರ್, ಅಷ್ಟೇ, ಎಂದೆ. ಅವರು ಫೋನ್ ಇಟ್ಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎಂದು ಗಾದೆ. ನಾನು ಕೊಯ್ದದ್ದು ಇಬ್ಬರ ಮೂಗು.

ಕಾರು ಮದುವೆಗೆ ಎರಡು ದಿನ ಮೊದಲು ತಯಾರಾಯಿತು. ಭಾಯ್ ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದಿದ್ದರು. ಈ ಸಲ ಡಿಕ್ಕಿಯ ಮುಚ್ಚಳಕ್ಕೆ ಹೊಂದಿಸಿ ಬಣ್ಣ ಬೆರೆಸಿ, ಎಡಗಡೆ ಪ್ಯಾನಲ್ಲಿಗೂ ಕಿಟ್ಟಿಗೂ ಒಟ್ಟಿಗೆ ಹೊಡೆದಿದ್ದರು. ಎಲ್ಲ ಕಡೆ ಒಂದೇ ಕೆಂಪು. ನಾನು ಒಂದು ತಪ್ಪನ್ನೂ ತೋರಿಸಲಿಲ್ಲ. ಭಾಯ್‌ಗೆ ಅದು ವಿಚಿತ್ರವೆನಿಸಿತೋ ಏನೋ, "ಎಲ್ಲಾ ಸರಿ ಇದ್ಯಾ ಸಾರ್?" ಎಂದು ಎರಡು ಸಲ ಕೇಳಿದರು.

ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಾನು, ನನ್ನ ಹೆಂಡತಿ ಕೂತೆವು. ಅಮ್ಮ ಡಬ್ಬದಿಂದ ಹಿತ್ತಾಳೆ ದೀಪ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದಳು. ಮಂಟಪದ ಮೂಲೆಯಲ್ಲಿ ಅದು ಉರಿಯುತ್ತಿತ್ತು. ಶಾಸ್ತ್ರದಂತೆ ತಮ್ಮ ನನ್ನ ಕಾಲು ಮುಟ್ಟಿದ. ಶಾಸ್ತ್ರಕ್ಕೆ ಎಷ್ಟು ಬೇಕೋ ಅಷ್ಟೇ ಮುಟ್ಟಿದ. ಅವನ ತಲೆಯ ಮೇಲೆ ಅಕ್ಷತೆ ಹಾಕಿದೆ.

ಊಟವಾದ ಮೇಲೆ ಹೊರಡಲು ಹೆಣ್ಣಿನ ಕಡೆಯವರು ಬೇರೆ ಕಾರು ತಂದಿದ್ದರು. ಹೂವಿನ ಹಾರ ಹಾಕಿಕೊಂಡು ನಿಂತಿದ್ದ ನಮ್ಮ ಕೆಂಪು ಕಾರಿನಲ್ಲಿ ಹೋಗು ಎಂದು ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಮದುಮಗಳು ತನ್ನ ಕಡೆಯವರ ಕಾರಿನಲ್ಲಿ ಕೂತಳು. ತಮ್ಮ ಹತ್ತುವ ಮೊದಲು ನಮ್ಮ ಕಾರಿನ ಕಡೆ ನೋಡಿದ. ಪಂಚೆಯನ್ನು ಮೇಲಕ್ಕೆ ಹಿಡಿದುಕೊಂಡು ನಡೆದು ಬಂದ. ತಾನು ಮಾಡಿಸಿದ ಕಿಟ್ಟು ಕಾರಿನ ಮೇಲೆ ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಮುಂದಿನಿಂದ ಹಿಂದಿನವರೆಗೆ ಒಂದು ಸುತ್ತು ಬಂದ. ಎಡಗಡೆ ಹಿಂದಿನ ಚಕ್ರದ ಬಳಿ ನಿಂತ. ತಟ್ಟುತ್ತಾನೇನೋ ಎಂದುಕೊಂಡೆ, ತಟ್ಟಲಿಲ್ಲ. ಕುಕ್ಕರಗಾಲಲ್ಲಿ ಕೂತು ಸ್ಕರ್ಟಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದ.

"ಹಿಂದ್ಗಡೆ ಒಂಚೂರು ಕೆಳಗೆ ಕೂತಿದೆ," ಎಂದ.

ನಾನು ಅವನ ಪಕ್ಕದಲ್ಲಿ ಕೂತು ನೋಡಿದೆ. ನನ್ನ ಕಣ್ಣಿಗೆ ನೆಟ್ಟಗೇ ಇತ್ತು. ಭಾಯ್ ನನ್ನೆದುರಿಗೇ ಟೇಪ್ ಹಿಡಿದು ಮೂರು ಕಡೆ ಅಳೆದಿದ್ದರು. ಅಳತೆ ನನ್ನ ಬಾಯಲ್ಲೇ ಇತ್ತು, ನಾಲಿಗೆಯ ತುದಿಗೂ ಬಂತು.

"ನೀನ್ ಹೇಳ್ತಿದ್ದೀಯಲ್ಲ," ಎಂದೆ. "ಕೂತಿರುತ್ತೆ."

ಅವನು ಕತ್ತು ತಿರುಗಿಸಿ ನನ್ನನ್ನು ನೋಡಿದ. ಆ ಕಡೆ ಕಾರಿನವರು ಹಾರ್ನ್ ಮಾಡಿದರು. ಅವನು ತಕ್ಷಣ ಏಳಲಿಲ್ಲ.